ಮಾತು ಕೇಳುವ ಬೆಕ್ಕು

ದೇವರಿಗೂ ಸಾಕುಸಾಕಾಗಿ ಹೋಗಿತ್ತು.

(ಗಾಬರಿ ಬೇಡ. ಇದು ವೈಕುಂಠದ ಸುದ್ದಿಯಲ್ಲ, ಯಲ್ಲಾಪುರದ್ದು. ನಮ್ಮ ಕಡೆ ಗಂಡುಮಕ್ಕಳಿಗೆ ದೇವರು ಅಂತ ಹೆಸರಿಡುವುದುಂಟು. ಹಾಗೆ ಹೆಸರಿಟ್ಟರೆ ಬೈಯುವಾಗಲೂ ಪುಣ್ಯ ಬರುತ್ತದೆ ಎಂಬ ಲೆಕ್ಕಾಚಾರವಿರಬೇಕು.)

ಸೊಸೈಟಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ದೇವರು ಹೆಗಡೆಯವರಿಗೆ ಈ ಲೋಕದಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ತಾಳಮದ್ದಲೆಯಲ್ಲಿ ದೊಡ್ಡ ಅರ್ಥಧಾರಿ ಎನ್ನಿಸಿಕೊಳ್ಳಬೇಕು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಆಮೇಲೆ ಪಾತ್ರಧಾರಿಗಳು ಪಂಚೆ ಉಟ್ಟು ಕೂತಲ್ಲಿಯೇ ‘ಅರ್ಥ’ ಹೇಳಬೇಕು, ಅಂದರೆ ಪಾತ್ರದ ಮಾತಾಡಿ ಎದುರಿನವನನ್ನು ಮಾತಲ್ಲೇ ಮಣ್ಣುಮುಕ್ಕಿಸಬೇಕು. ನೌಕರಿಯಲ್ಲಿದ್ದಷ್ಟು ಕಾಲ ಹೆಗಡೆಯವರಿಗೆ ಸಿಕ್ಕಿದ್ದೆಲ್ಲ ‘ಅಪ್ಪಣೆ ಪ್ರಭು’ ಎನ್ನುವ ಮಂತ್ರಿಯ ಅರ್ಥ, ಇಲ್ಲವೇ ಬಾಗಿಲು ಕಾಯುವವನ ಅರ್ಥ. ಈಗ ಬಿಡುವಾಗಿದೆ, ದಿನವೂ ಅಭ್ಯಾಸ ಮಾಡಿ ದೊಡ್ಡ ಅರ್ಥಕ್ಕೇ ಕೈ ಹಾಕುವುದು ಎಂದು ನಿರ್ಧರಿಸಿ, ಬೆಳಿಗ್ಗೆ ಆಸ್ರಿಗೆಂದು ಚಹ ಕುಡಿದವರೇ ನಡುಮನೆಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು.

“ಎಲೈ ಭೂಪಾಲನೇ! ನಿನ್ನೀ ಆಸ್ಥಾನದ ವೈಭವವನ್ನು ಕಂಡು ನನ್ನ ಮನಸ್ಸು…”

“ಇಲ್ಕೇಳಿ, ಆಚೆಮನೆಯವು ಗೇಟು ಬದಲ್ಸಿದ್ದ. ನೋಡಿದ್ರಾ?”

ಇದು ಅಡುಗೆಮನೆಯಿಂದ ಮಾದೇವಿಯ ದನಿ. ಅವರ ಧರ್ಮಪತ್ನಿ. ದೇವರಿಗೆ ಮಾದೇವಿಯೇ ಜೋಡಿಯೆಂದು ಮದುವೆಯಲ್ಲಿ ಎಲ್ಲರೂ ಹೊಗಳಿದ್ದರಂತೆ. ಕೈಲಾಸದಲ್ಲಿ ಏನು ನಡೆಯುತ್ತದೆಂದು ಹೊಗಳಿದವರು ಯಾರೂ ಕಂಡವರಲ್ಲ.

“ಹೂಂ,” ಎಂದರು ಹೆಗಡೆ.

“ಹೂಂ ಅಂದ್ರೆ ನೋಡಿದ್ದಾ, ನೋಡಿದ್ದಿಲ್ಯಾ? ನೀಲಿ ಬಣ್ಣ ಬಳದ್ದ. ಗೇಟಿಗೆ ಯಾರಾದ್ರೂ ಆ ನಮನಿ ನೀಲಿ ಬಳಿತ್ವಾ?”

“ಹೂಂ.”

“ನಿಂಗಳ ಹತ್ರ ಮಾತಾಡದಕ್ಕಿಂತ ಗ್ವಾಡೆ ಹತ್ರ ಮಾತಾಡದು ಚೊಲೋ. ಅದಾದ್ರೆ ಪ್ರತಿಧ್ವನಿನಾದ್ರೂ ಕೊಡ್ತು.”

ಮಗಳು ಸಮೃದ್ಧಿ ಮದುವೆಯಾಗಿ ಕುಮಟೆಗೆ ಹೋದಮೇಲೆ ಮಾದೇವಿಗೆ ಮಾತಿಗೆ ಜನವಿರಲಿಲ್ಲ. ಮಗಳ ಪಾಲಿನ ಮಾತೂ ಸೇರಿ ಈಗ ಎಲ್ಲವೂ ಹೆಗಡೆಯವರ ತಲೆಗೇ ಬರುತ್ತಿತ್ತು. ಭೂಪಾಲನಿಗೆ ಹೇಳುವ ವಾಕ್ಯವಂತೂ ಆಸ್ಥಾನದ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಆ ವೈಭವ ಕಂಡು ತಮ್ಮ ಮನಸ್ಸಿಗೆ ಏನಾಯಿತು ಎಂಬುದನ್ನು ಹೇಳಿ ಮುಗಿಸಲು ಹೆಗಡೆಯವರಿಗೆ ಒಂದು ದಿನವೂ ಆಗಲಿಲ್ಲ.

ಇಂಥ ಹತಾಶೆಯ ನಡುವೆ ಅವರಿಗೊಂದು ದಿವ್ಯಜ್ಞಾನ ಹೊಳೆಯಿತು. ಮಾದೇವಿಗೆ ಬೇಕಾದದ್ದು ಕಿವಿ. ಆ ಕಿವಿ ಹೆಗಡೆಯವರದೇ ಆಗಬೇಕೆಂದು ಶಾಸ್ತ್ರದಲ್ಲೇನೂ ಇಲ್ಲ. ಮನೆಗೊಂದು ಬೆಕ್ಕು ತಂದರೆ? ಬೆಕ್ಕಿನ ಹತ್ತಿರ ಎಷ್ಟು ಮಾತಾಡಿದರೂ ಅದು ಕಣ್ಣು ಮುಚ್ಚಿಕೊಂಡು ಕೇಳುತ್ತದೆ. (ತಾನೂ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆನಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.) ಆದರೆ ಊರ ಬೆಕ್ಕು ಬೇಡ. ಅದಕ್ಕೆ ಹತ್ತು ಮನೆಯ ಕಾರುಬಾರು. ಹಾಲು ಕುಡಿಯುವುದು ಇಲ್ಲಿ, ಮಲಗುವುದು ಅಲ್ಲಿ, ಮರಿ ಹಾಕುವುದು ಮತ್ತೆಲ್ಲೋ. ಮನೆಯಲ್ಲೇ ಕೂರುವ, ಮನುಷ್ಯರನ್ನು ಬಿಟ್ಟಿರದ, ಕುಲವಂತ ಬೆಕ್ಕೇ ಆಗಬೇಕು.

ಹುಬ್ಬಳ್ಳಿಯಲ್ಲಿ ಸಾಕುಪ್ರಾಣಿಗಳ ಅಂಗಡಿ ಇಟ್ಟ ಕಿಶೋರನ ಎದುರು ಹೆಗಡೆಯವರು ತಮ್ಮ ಬೇಡಿಕೆಯನ್ನು ಮಂಡಿಸಿದರು.

“ಮಾತು ಕೇಳುವ ಬೆಕ್ಕು ಬೇಕು.”

ಕಿಶೋರ ಒಳಗಿನಿಂದ ಒಂದು ಮರಿಯನ್ನು ತಂದು ಅವರ ಕೈಗಿಟ್ಟ. ಹಾಲಿನಂಥ ಬಿಳುಪು. ಮೂಗಿನ ಮೇಲೆ ಮಾತ್ರ ಯಾರೋ ಹೊಗೆಯ ಕೈಯಿಂದ ಮುಟ್ಟಿದ ಹಾಗೆ ಮಸುಕು. ತೆಳ್ಳನೆಯ ಮೈ, ಮೂರು ಮೂಲೆಯ ಮುಖ, ಆ ಮುಖಕ್ಕೆ ಮೀರಿದ ಕಿವಿ. ಕಣ್ಣಂತೂ ಶಂಖಪುಷ್ಪದ ನೀಲಿ; ಒಂದಕ್ಕೊಂದು ಗುಟ್ಟು ಹೇಳುವಂತೆ ಎರಡೂ ಸ್ವಲ್ಪ ಮೂಗಿನ ಕಡೆಗೇ ವಾಲಿದ್ದವು.

“ಸಯಾಮೀಸ್ ಜಾತಿ ರೀ ಸರ. ರಾಜರ ಮನ್ಯಾಗ ಸಾಕ್ತಿದ್ರಂತ. ಮನಿ ಮಂದಿ ಬಿಟ್ಟು ಒಂದ ಗಳಿಗಿ ಇರೂದಿಲ್ರಿ. ಭಾಳ ಶ್ಯಾಣ್ಯಾ. ನೀವು ಮಾತು ಕೇಳೂದು ಅಂದ್ರಿ. ಕೇಳೂದಷ್ಟ ಅಲ್ರಿ, ಇದು ಮಾತಾಡತೈತಿ!”

ಸಮೃದ್ಧಿಗೆ ಗಂಡು ನೋಡುವಾಗ ‘ಹುಡುಗ ಬಂಗಾರ’ ಎಂದವರನ್ನೂ ಕಂಡಿದ್ದ ಹೆಗಡೆಯವರು, ವ್ಯಾಪಾರದವರ ಮಾತು ಹೀಗೇ ಎಂದು ನಕ್ಕು ಮರಿಯನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಒಬ್ಬ ಮನುಷ್ಯ ನಿಜ ಹೇಳಿದಾಗ ನಂಬದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ಕಲಘಟಗಿ ದಾಟುವವರೆಗೆ ಬುಟ್ಟಿ ಶಾಂತವಾಗಿತ್ತು. ಕಿರವತ್ತಿಯಲ್ಲಿ ಬಸ್ಸು ಚಹಕ್ಕೆ ನಿಂತಿತು ನೋಡಿ, ಬುಟ್ಟಿಯೊಳಗಿಂದ ಒಂದು ಕೂಗು ಎದ್ದಿತು. ಅದು ‘ಮಿಯಾಂವ್’ ಆಗಿರಲಿಲ್ಲ. ತೊಟ್ಟಿಲಲ್ಲಿ ಹಸಿದ ಎಳೆಮಗು ಗಂಟಲು ಹರಿದುಕೊಂಡು ಅಳುವುದನ್ನು ಕೇಳಿದ್ದೀರಲ್ಲ, ಥೇಟ್ ಅದೇ.

ಮುಂದಿನ ಸೀಟಿನ ನೀಲಗಂಗವ್ವ ಎಂಬ ದೊಡ್ಡ ಕುಂಕುಮದ ಹೆಂಗಸು ತಟ್ಟನೆ ತಿರುಗಿದಳು.

“ಯಪ್ಪಾ, ಕೂಸನ್ನ ಬುಟ್ಟ್ಯಾಗ ಹಾಕ್ಕೊಂಡು ಹೊಂಟೀರಲ್ರಿ! ಮುಚ್ಚಳಾ ಬ್ಯಾರೆ ಹಾಕೀರಿ!”

“ಕೂಸಲ್ಲ ತಾಯಿ, ಬೆಕ್ಕು.”

“ನಾ ಆರು ಮಕ್ಕಳ ಹಡದಾಕಿ. ನನಗ ಬೆಕ್ಕಂತ ಹೇಳಾಕ ಬರ್ತೀರೇನು? ಏ ಕಂಡಕ್ಟರಾ, ಬಾ ಇಲ್ಲೆ!”

ಚಹ ಕುಡಿಯಲು ಇಳಿದವರೆಲ್ಲ ಲೋಟ ಹಿಡಿದುಕೊಂಡೇ ಬಸ್ಸು ಹತ್ತಿದರು. ‘ಮುಖ ನೋಡಿದ್ರ ದೊಡ್ಡ ಮನಶ್ಯಾ ಇದ್ದಂಗ ಕಾಣ್ತಾನ’ ಎಂದೊಬ್ಬರು, ‘ಕಾಲ ಕೆಟ್ಟೈತಿ’ ಎಂದೊಬ್ಬರು. ಹೆಗಡೆಯವರು ಮುಚ್ಚಳ ತೆರೆದು, ಕಿವಿ ಕಾಣಿಸಿ, ಬಾಲವನ್ನೂ ಎತ್ತಿ ತೋರಿಸಿದಮೇಲೆಯೇ ಅವರಿಗೆ ಬಿಡುಗಡೆ. ನೀಲಗಂಗವ್ವನಿಗೆ ಆಗಲೂ ಪೂರ್ತಿ ನಂಬಿಕೆ ಬಂದಂತಿರಲಿಲ್ಲ. ಯಲ್ಲಾಪುರದಲ್ಲಿ ಇಳಿಯುವಾಗ “ಹೋದ ಕೂಡಲೆ ಹಾಲು ಕುಡಸ್ರಿ” ಎಂದು ಹೇಳಿಯೇ ಕಳಿಸಿದಳು.

ಮನೆಯಲ್ಲಿ ಬುಟ್ಟಿ ತೆರೆದಾಗ ಮರಿ ಹೊರಬಂದು, ಮಾದೇವಿಯ ಮುಖ ನೋಡಿ, “ಮ್ರಾ…ಆಂವ್?” ಎಂದಿತು. ಕೊನೆಯಲ್ಲಿ ದನಿ ಮೇಲೇರಿತ್ತು. ಸ್ಪಷ್ಟವಾಗಿ ಪ್ರಶ್ನೆ.

“ಅಯ್ಯ, ಆನು ಮಾದೇವಿ. ನೀ ಯಾರೇ?”

“ಮ್ರಾಂವ್.”

“ಬೆಳ್ಳಗಿದ್ದೆ. ಬೆಳ್ಳಿ ಹೇಳಿ ಕರಿತೆ ಆತಾ?”

“ಮ್ರ್.”

“ನೋಡಿದ್ರಾ?” ಮಾದೇವಿ ಗಂಡನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. “ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತು!”

ಹೆಗಡೆಯವರ ಎದೆಯಲ್ಲಿ ಎಲ್ಲೋ ಒಂದು ಇಟ್ಟಿಗೆ ಜಾರಿತು.

ಅಂದಿನಿಂದ ಮನೆಯಲ್ಲಿ ಒಬ್ಬರ ಮಾತಿದ್ದದ್ದು ಇಬ್ಬರ ಸಂವಾದವಾಯಿತು. ಮಾದೇವಿ ಬೇಳೆ ತೊಳೆಯುತ್ತ ನೀಲಿ ಗೇಟಿನ ವಿಷಯ ಹೇಳಿದರೆ ಬೆಳ್ಳಿ ಕಟ್ಟೆಯ ಮೇಲೆ ಕೂತು ಖಂಡಿಸುತ್ತಿತ್ತು. ಉತ್ತರ ಸಿಗುವುದರಿಂದ ಮಾದೇವಿಗೆ ಹೇಳಲು ಇನ್ನಷ್ಟು ಹುರುಪು. ಹುರುಪು ಕಂಡು ಬೆಳ್ಳಿಗೆ ಇನ್ನಷ್ಟು ದನಿ. ಅದರ ಸ್ವಭಾವವೇ ಸುಮ್ಮನಿರುವುದಲ್ಲ. ಹಸಿವಾದರೆ ಹೇಳುತ್ತಿತ್ತು, ಹೊಟ್ಟೆ ತುಂಬಿದರೂ ಹೇಳುತ್ತಿತ್ತು. ಮಳೆ ಬಂದರೆ ಹೆಗಡೆಯವರನ್ನೇ ಜವಾಬ್ದಾರರನ್ನಾಗಿ ಮಾಡಿ ಬೈಯುತ್ತಿತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ಒಳಗೆ ಏನು ಅನ್ಯಾಯ ನಡೆದಿದೆಯೋ ಎಂದು ಹೊರಗೆ ಕೂತು ಊರಿಗೇ ಸಾರುತ್ತಿತ್ತು. ಬಾಗಿಲ ಚಿಲಕಕ್ಕೆ ನೇತುಬಿದ್ದು ತೆಗೆಯುವುದನ್ನೂ ಬೇಗನೆ ಕಲಿತದ್ದರಿಂದ ಹೆಗಡೆಯವರಿಗೆ ಸ್ನಾನದ ಏಕಾಂತವೂ ತಪ್ಪಿತು.

ಚಳಿಗಾಲ ಬಂತು. ಆಗ ಇನ್ನೊಂದು ಅನಾಹುತ. ಬೆಳ್ಳಿ ಕಪ್ಪಾಗತೊಡಗಿತು.

ಮೊದಲು ಮೂಗು, ಆಮೇಲೆ ಕಿವಿ. ನೋಡನೋಡುತ್ತ ನಾಲ್ಕು ಪಾದ, ಬಾಲ. ಮೈ ಮಾತ್ರ ಕೆನೆಯ ಬಣ್ಣ. ಮೋರೆ ನೋಡಿದರೆ ಬಚ್ಚಲೊಲೆಯೊಳಗೆ ತಲೆ ಹಾಕಿ ಬಂದಂತೆ.

“ಒಲೆ ಬೂದಿಗೆ ಹೋಗ್ತು, ನೋಡ್ಕಳಿ ಹೇಳಿದಿದ್ದೆ. ನಿಂಗ ಭೂಪಾಲನ ಹತ್ರ ಮಾತಾಡ್ತಾ ಕೂತ್ರಿ!”

ಬೆಳ್ಳಿ ಕಪ್ಪಾದರೆ ಏನು ಮಾಡಬೇಕೆಂದು ಮಾದೇವಿಗೆ ಗೊತ್ತಿತ್ತು. ದೀಪ, ತಟ್ಟೆ, ಲೋಟಗಳಿಗೆ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೇ. ಹುಣಸೆಹಣ್ಣು ನೆನೆಸಿದಳು. ಹಿಡಿದುಕೊಳ್ಳುವ ಕೆಲಸ ಹೆಗಡೆಯವರಿಗೆ ಬಂತು. ಹುಣಸೆಯ ಮೊದಲ ಹನಿ ಮೂಗಿಗೆ ತಾಗಿದ್ದೇ ತಡ, ಬೆಳ್ಳಿ ಆಚೆಮನೆಯ ನೀಲಿ ಗೇಟು ತೆರೆದು ಜನ ಓಡಿ ಬರುವ ಹಾಗೆ ಕಿರುಚಿ, ಹೆಗಡೆಯವರ ತೋಳಿನ ಮೇಲೆ ಹತ್ತಿ, ತಲೆಯ ಮೇಲಿಂದ ಇಳಿದು ಹೋಯಿತು. ಅವರ ಬೋಳು ತಲೆಯ ಮೇಲೆ ಆ ಹಾದಿಯ ಗುರುತು ಬಹಳ ದಿನ ಉಳಿಯಿತು. ಬೆಳ್ಳಿಯ ಮೋರೆ ಮಾತ್ರ ಎಷ್ಟು ಕಪ್ಪಿತ್ತೋ ಅಷ್ಟೇ ಕಪ್ಪು.

ಪಶು ಆಸ್ಪತ್ರೆಯ ಡಾಕ್ಟರ್ ದಿವ್ಯಾ ಬೆಕ್ಕನ್ನೂ ಹೆಗಡೆಯವರ ತಲೆಯನ್ನೂ ನೋಡಿ, ಮೊದಲು ಯಾರನ್ನು ಪರೀಕ್ಷಿಸುವುದೆಂದು ಅನುಮಾನಿಸಿದರು.

“ಇದಕ್ಕೇನೂ ಆಗಿಲ್ಲ ಅಮ್ಮಾ. ಈ ಜಾತಿಯ ಬಣ್ಣವೇ ಹೀಗೆ. ಹುಟ್ಟುವಾಗ ಬಿಳಿ. ಮೈ ಬೆಚ್ಚಗಿರುವ ಕಡೆ ಬಿಳಿಯಾಗಿಯೇ ಉಳಿಯುತ್ತದೆ, ತಣ್ಣಗಿರುವ ಕಡೆ ಕೂದಲು ಕಪ್ಪಾಗುತ್ತದೆ. ಮೂಗು, ಕಿವಿ, ಕಾಲು, ಬಾಲ ಯಾವಾಗಲೂ ತಣ್ಣಗೇ ಅಲ್ಲವಾ?”

“ಹಾಗಾದ್ರೆ ಬೆಚ್ಚಗಿಟ್ರೆ ಮತ್ತೆ ಬೆಳ್ಳಗಾಗ್ತದಾ?”

“ಅಷ್ಟು ಸುಲಭ ಅಲ್ಲ…” ಎಂದು ಡಾಕ್ಟರ್ ಹೇಳುವುದರೊಳಗೆ ಮಾದೇವಿ ಎದ್ದಾಗಿತ್ತು. ಅರ್ಧ ವಾಕ್ಯದಲ್ಲಿ ಎದ್ದುಹೋಗುವುದು ಅವಳ ಹಳೆಯ ಚಾಳಿ. ಮನೆಗೆ ಬಂದ ಹೆಗಡೆಯವರಿಗೆ ಕಂಡದ್ದು, ತಮಗೆ ಜೀವಮಾನದಲ್ಲಿ ಸಿಕ್ಕ ಏಕೈಕ ಸನ್ಮಾನದ ಶಾಲನ್ನು ತಲೆಗೆ ಸುತ್ತಿಕೊಂಡು, ಬಾಲಕ್ಕೆ ಅವರದೇ ಕಾಲುಚೀಲ ತೊಟ್ಟುಕೊಂಡು, ಅವರದೇ ಕುರ್ಚಿಯಲ್ಲಿ ಕೂತ ಬೆಳ್ಳಿ.

“ಅದು ತಾಳಮದ್ದಲೆ ಸಂಘದವರು ಹೊದೆಸಿದ ಶಾಲು!” ಎಂದರು ಹೆಗಡೆ.

“ಮಂತ್ರಿ ಅರ್ಥಕ್ಕೆ ಕೊಟ್ಟಿದ್ದಲ್ದಾ? ಇದು ರಾಜನ ಮನೆದು,” ಎಂದಳು ಮಾದೇವಿ.

“ಮ್ರಾಂವ್,” ಎಂದು ಶಾಲಿನೊಳಗಿನಿಂದ ಅನುಮೋದನೆ ಬಂತು.

ಇಷ್ಟೆಲ್ಲ ನಡೆದರೂ ಹೆಗಡೆಯವರು ಸಹಿಸಿಕೊಂಡದ್ದು ಒಂದೇ ಒಂದು ಕಾರಣಕ್ಕೆ. ಸಂಧಾನದ ಪ್ರಸಂಗವೊಂದರಲ್ಲಿ ರಾಯಭಾರಿಯ ಅರ್ಥ ಅವರಿಗೆ ಸಿಕ್ಕಿತ್ತು. ಯುದ್ಧ ಬೇಡವೆಂದು ಹಟಮಾರಿ ದೊರೆಯನ್ನು ಮಾತಿನಿಂದ ಒಪ್ಪಿಸಬೇಕಾದ ದೊಡ್ಡ ಅರ್ಥ. ಎದುರಿಗೆ ದೊರೆಯಾಗಿ ಸಿದ್ದಾಪುರ ಸೀಮೆಯ ತ್ಯಾಗಲಿಯಿಂದ ಶಂಭುಲಿಂಗ ಭಟ್ಟರೇ ಬರುವವರಿದ್ದರು. ಮಾತಿನಲ್ಲಿ ಅವರನ್ನು ಸೋಲಿಸಿದವರಿಲ್ಲ. ಸರಿಸಮ ನಿಂತರೂ ಸಾಕು, ಹೆಸರಾಗುತ್ತದೆ. ತಾಳಮದ್ದಲೆ ಹೆಗಡೆಯವರ ನಡುಮನೆಯಲ್ಲೇ, ಭಾನುವಾರ ಮಧ್ಯಾಹ್ನ ಊಟವಾದಮೇಲೆ.

ಬೆಳ್ಳಿಯನ್ನು ಉಗ್ರಾಣದಲ್ಲಿ ಕೂಡಿಹಾಕಿ, ಚಿಲಕ ಹಾಕಿ, ಚಿಲಕಕ್ಕೆ ಹಗ್ಗವನ್ನೂ ಬಿಗಿದರು. ಅದನ್ನು ಬಿಚ್ಚುವುದಿಲ್ಲವೆಂದು ಮಾದೇವಿಯ ಹತ್ತಿರ ಆಣೆ ಮಾಡಿಸಿಕೊಂಡರು. ನಡುಮನೆ ತುಂಬ ಜನ. ಭಾಗವತರ ಪದ್ಯ ಮುಗಿದು ಹೆಗಡೆಯವರು ಕಣ್ಣು ಮುಚ್ಚಿದರು. ಮಾತು ತಾನಾಗಿ ಹರಿಯಿತು. ಬಹಳ ದಿನದಿಂದ ಆಸ್ಥಾನದ ಬಾಗಿಲಲ್ಲಿ ನಿಂತಿದ್ದ ವಾಕ್ಯ ಒಳಗೆ ಬಂತು, ವೈಭವವನ್ನು ಕಂಡು ಮನಸ್ಸಿಗೇನಾಯಿತೆಂಬುದೂ ಸುಸೂತ್ರವಾಗಿ ಮುಗಿಯಿತು. ಜನ ತಲೆದೂಗಿದರು. ಶಂಭುಲಿಂಗ ಭಟ್ಟರೂ ಒಮ್ಮೆ ಹುಬ್ಬೇರಿಸಿದರು. ಹೆಗಡೆಯವರಿಗೆ ರೆಕ್ಕೆ ಮೂಡಿದಂತಾಯಿತು.

“ದೊರೆಯೇ, ನಾನು ತಂದದ್ದು ಶಾಂತಿಯ ಸಂದೇಶ. ಇದನ್ನು ವಿರೋಧಿಸುವ ನಾಲಿಗೆ ಈ ಸಭೆಯಲ್ಲಿ ಇದೆಯೇ?”

“ಮ್ರಾ…ಆ…ಆಂವ್!”

ಹಗ್ಗ ಹೇಗೆ ಬಿಚ್ಚಿತೆಂದು ಇವತ್ತಿಗೂ ತಿಳಿದಿಲ್ಲ. ಕಪ್ಪು ಮೋರೆ, ನೀಲಿ ಕಣ್ಣು, ಬಾಲ ಸೆಟೆದು ನಿಲ್ಲಿಸಿಕೊಂಡು ಬೆಳ್ಳಿ ಜನರ ನಡುವೆ ಹಾದಿ ಮಾಡಿಕೊಂಡು ಬಂದು ರಂಗದ ಮಧ್ಯೆ ಕೂತಿತು. ತನ್ನನ್ನು ಬಿಟ್ಟು ಮನೆಯಲ್ಲಿ ಇಷ್ಟೊಂದು ಮಾತು ನಡೆಯುತ್ತಿರುವುದು ಅದಕ್ಕೆ ತೀರ ಅವಮಾನವಾಗಿತ್ತು.

ಶಂಭುಲಿಂಗ ಭಟ್ಟರು ಗಂಭೀರವಾಗಿ ನುಡಿದರು: “ರಾಯಭಾರಿಗಳೇ, ಕೇಳಿದಿರಿ, ಉತ್ತರ ಬಂತು.”

ಸಭೆ ಗೊಳ್ಳೆಂದಿತು. ಹೆಗಡೆಯವರು ಬೆವರೊರೆಸಿಕೊಂಡರು. “ದೊರೆಯೇ, ಮೂಕಪ್ರಾಣಿಗೆ ರಾಜನೀತಿ ತಿಳಿಯುವುದಿಲ್ಲ.”

“ಮ್ರಾಂವ್! ಮ್ರಾಂವ್! ಮ್ರ್ಯಾ…ಆಂವ್!”

“ಇದು ಮೂಕವೇ? ನೀವು ಒಂದು ಹೇಳಿದರೆ ಮೂರು ಹೇಳುತ್ತಿದೆ. ಅದೂ ಶ್ರುತಿ ತಪ್ಪದೆ,” ಎಂದರು ಭಟ್ಟರು. ಭಾಗವತರು ನಗು ತಡೆಯಲಾರದೆ ತಾಳ ಕೆಳಗಿಟ್ಟರು.

“ನನ್ನ ಮಾತು ಇನ್ನೂ ಮುಗಿದಿಲ್ಲ…” ಎಂದು ಹೆಗಡೆ ದನಿ ಏರಿಸಿದ್ದೇ ತಪ್ಪಾಯಿತು. ಬೆಳ್ಳಿಯೂ ಏರಿಸಿತು. ಇಬ್ಬರೂ ಒಟ್ಟಿಗೆ ಉಸಿರು ಎಳೆದುಕೊಳ್ಳಲು ನಿಂತಾಗ ಬೆಳ್ಳಿ ಎದ್ದು, ಹೆಗಡೆಯವರ ಮುಖವನ್ನೊಮ್ಮೆ ಕನಿಕರದಿಂದ ನೋಡಿ, ನೆಟ್ಟಗೆ ನಡೆದು ಹೋಗಿ ಶಂಭುಲಿಂಗ ಭಟ್ಟರ ತೊಡೆಯೇರಿ ಕೂತುಬಿಟ್ಟಿತು.

ಭಟ್ಟರು ಅದರ ಬೆನ್ನು ಸವರುತ್ತ ಹೇಳಿದರು: “ನಿಮ್ಮ ಮನೆಯವರೇ ನನ್ನ ಪಕ್ಷಕ್ಕೆ ಬಂದಾಯಿತು. ಇನ್ನು ನನ್ನೊಡನೆ ಸಂಧಿ ಮಾಡಿಕೊಳ್ಳುವವರು ಯಾರು?”

ಚಪ್ಪಾಳೆಗೆ ಹಂಚು ಹಾರುವುದೊಂದು ಬಾಕಿ. ಹೆಗಡೆಯವರು ಉತ್ತರಕ್ಕಾಗಿ ಸುತ್ತ ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಮಾದೇವಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಉಳಿದದ್ದನ್ನೆಲ್ಲ ತಡೆದುಕೊಂಡ ಮನುಷ್ಯನಿಗೆ ಅದೊಂದನ್ನು ತಡೆಯಲಾಗಲಿಲ್ಲ. ಭಾಗವತರು ಮಂಗಳ ಹಾಡಿ ಮುಗಿಸಿದರು. ಹೊರಡುವಾಗ ಜನ ಬಂದು ಬಂದು ಹೆಗಡೆಯವರ ಕೈ ಕುಲುಕಿ, “ಬೆಕ್ಕಿನ ಪ್ರವೇಶ ಭಾರಿ ಚೊಲೋ ಆತು,” ಎಂದರು. ರಾತ್ರಿಯೂಟದ ಹೊತ್ತಿಗೆ ಯಾರದೋ ಮೊಬೈಲಿನ ವಿಡಿಯೊ ಶಿರಸಿ ತನಕ ಹೋಗಿತ್ತು. ಅದರಲ್ಲಿ ಹೆಗಡೆಯವರ ಬೆನ್ನು ಮಾತ್ರ ಕಾಣುತ್ತಿತ್ತು.

ಅವರು ಅಂದು ಉಣ್ಣಲಿಲ್ಲ. “ಈ ಮನೆಯಲ್ಲಿ ಇನ್ನು ಒಂದೋ ಆ ಬೆಕ್ಕು, ಇಲ್ಲದಿದ್ರೆ ಆನು,” ಎಂದರು.

ಮಾದೇವಿ ಯೋಚಿಸಿದಳು. ಅವಳು ಯೋಚಿಸಿದ ಆ ಹೊತ್ತು ಹೆಗಡೆಯವರಿಗೆ ದಾಂಪತ್ಯದ ಅತ್ಯಂತ ದೀರ್ಘವಾದ ಕಾಲವಾಗಿ ಕಂಡಿತು.

“ಆತು. ವಾಪಸ್ ಕೊಟ್ಟಿಕ್ಕಿ ಬನ್ನಿ,” ಎಂದಳು ಕಡೆಗೆ, ಮುಖ ತಿರುಗಿಸಿ. “ಇಷ್ಟು ವರ್ಷ ಈ ಮನೇಲಿ ಎಂಗೆ ಉತ್ತರ ಕೊಟ್ಟಿದ್ದು ಅದೊಂದೇಯ. ಅದೂ ಹೋಗ್ಲಿ.”

ಮರುದಿನ ಹುಬ್ಬಳ್ಳಿ ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿತ್ತು. ಬೆಳ್ಳಿ ದಾರಿಯುದ್ದಕ್ಕೂ ಕೇಳುತ್ತಿತ್ತು, “ಮ್ರಾಂವ್?” ಹೆಗಡೆಯವರು ಕಿಟಕಿಯ ಹೊರಗೆ ನೋಡುತ್ತ ಎಷ್ಟು ದೂರ ಸುಮ್ಮನಿದ್ದಾರು! “ತಪ್ಪು ನಿಂದೇ ಅಲ್ದಾ?” ಎಂದರು ಮೆಲ್ಲಗೆ. “ಮ್ರಾಂವ್,” ಎಂದಿತು. “ಅಷ್ಟು ಜನರ ಎದ್ರಿಗೆ ಹಂಗೆ ಮಾಡ್ತ್ವಾ? ಎಂಗೂ ಒಂದು ಮರ್ಯಾದೆ ಹೇಳಿ ಇದ್ದು.” ಪಕ್ಕದ ಸೀಟಿನವರು ಎದ್ದು ಹಿಂದೆ ಹೋಗಿ ಕೂತರು. ಕಲಘಟಗಿ ಬರುವುದರೊಳಗೆ ದೇವರು ಹೆಗಡೆಯವರು ಮದುವೆಯಾದಂದಿನಿಂದ ಮನೆಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತಾಡಿ ಮುಗಿಸಿದ್ದರು.

ಅಂಗಡಿಯಲ್ಲಿ ಬುಟ್ಟಿ ತೆರೆದ ಕೂಡಲೇ ಬೆಳ್ಳಿ ಚಂಗನೆ ಅವರ ಹೆಗಲೇರಿ, ಕಪ್ಪು ಮೋರೆಯನ್ನು ಅವರ ಕುತ್ತಿಗೆಯಲ್ಲಿ ಹುದುಗಿಸಿ, ಮೊದಲ ಬಾರಿಗೆ ಸುಮ್ಮನಾಯಿತು. ಹೆಗಡೆಯವರು ಅದರ ಬೆನ್ನು ಸವರುತ್ತಲೇ ನಡೆದದ್ದನ್ನೆಲ್ಲ ಕಿಶೋರನಿಗೆ ಹೇಳಿದರು.

ಕಿಶೋರ ಎಲ್ಲವನ್ನೂ ಕೇಳಿ ನಕ್ಕ. “ಸರ, ಈ ಜಾತಿ ಒಂಟಿ ಇರಬಾರದ್ರಿ. ಒಂಟಿ ಇದ್ರ ಮನಶ್ಯಾರ ಕೂಡ ಮಾತಾಡತೈತಿ. ಜೋಡಿ ಇಟ್ರ ಅವೆರಡ ಮಾತಾಡಕೋಂತ ಕುಂದರತಾವು. ಮನ್ಯಾಗ ನಿಮಗ ಪೂರಾ ಶಾಂತಿ.”

ಶಾಂತಿ! ಆ ಶಬ್ದ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಈ ಮನುಷ್ಯ ಹಿಂದೊಮ್ಮೆ ಹೇಳಿದ್ದನ್ನು ನಂಬದೆ ತಾವು ಕೆಟ್ಟದ್ದು ಹೆಗಡೆಯವರಿಗೆ ನೆನಪಾಯಿತು. ಈ ಸಲ ಪೂರ್ತಿ ನಂಬಿದರು.

ಸಂಜೆ ಬಾಗಿಲು ತೆರೆದ ಮಾದೇವಿಗೆ ಕಂಡದ್ದು ಹೆಗಲ ಮೇಲೊಂದು ಕಪ್ಪು ಮೋರೆ, ಬುಟ್ಟಿಯಲ್ಲಿ ಇನ್ನೊಂದು ಬಿಳಿ ಮರಿ.

“ಇದೆಂತ?”

“ಶಾಂತಿ,” ಎಂದರು ಹೆಗಡೆ.

“ಯಾರದು ಶಾಂತಿ?” ಮಾದೇವಿಯ ದನಿ ಹರಿತವಾಯಿತು.

“ಮ್ರಾ…ಆಂವ್?” ಎಂದಿತು ಬುಟ್ಟಿ. ಬೆಳ್ಳಿಗಿಂತ ಒಂದು ಸ್ವರ ಮೇಲೆ.

ಕಿಶೋರ ಹೇಳಿದ್ದು ಈಗಲೂ ಸುಳ್ಳಲ್ಲ. ಬೆಳ್ಳಿ ಮತ್ತು ಶಾಂತಿ ಎದುರುಬದುರು ಕೂತು ಮಾತಾಡುತ್ತವೆ. ಆದರೆ ಇಬ್ಬರಿಗೂ ಒಂದೇ ಅಭಿಪ್ರಾಯ ಎಂಬುದು ಇದುವರೆಗೆ ಇಲ್ಲ. ವಾದ ಮುಟ್ಟಬೇಕಾದ ಕಡೆ ಮುಟ್ಟದಿದ್ದರೆ ಎರಡೂ ಮಾದೇವಿಯ ಹತ್ತಿರ ಬರುತ್ತವೆ. ಮಾದೇವಿ ಎರಡು ಕಡೆಯದನ್ನೂ ಕೇಳಿ ತೀರ್ಪು ಕೊಡುತ್ತಾಳೆ. ತೀರ್ಪು ಸೋತವರಿಗೆ ಒಪ್ಪಿಗೆಯಾಗುವುದಿಲ್ಲ. ಮತ್ತೆ ಮೊದಲಿಂದ ಶುರು. ಹೆಗಡೆಯವರು ಕುರ್ಚಿ ಎತ್ತಿಕೊಂಡು ಬಂದು ಹೊರಗೆ ಮೆಟ್ಟಿಲ ಹತ್ತಿರ ಹಾಕಿಕೊಂಡಿದ್ದಾರೆ.

ಮೊನ್ನೆ ಅಲ್ಲಿಗೇ ಶಂಭುಲಿಂಗ ಭಟ್ಟರ ಫೋನು ಬಂತು. ಸಿದ್ದಾಪುರದಲ್ಲೊಂದು ತಾಳಮದ್ದಲೆ ಇದೆಯಂತೆ.

“ಹೆಗಡೇರೇ, ನಿಂಗಕ್ಕೆ ಯಾವ ಅರ್ಥ ಇಡ್ಲಿ?”

ಒಳಗೆ ಮೂವರದೂ ದನಿ ಏರುತ್ತಿತ್ತು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ ಹೆಗಡೆಯವರು ಕೂಗಿ ಹೇಳಿದರು, “ಎಂಗೆಂತ ಅರ್ಥ ಭಟ್ರೇ! ಈ ಮನೇಲಿ ಎನ್ನ ಮಾತಿಗೆ ಎಂತದೂ ಅರ್ಥ ಇಲ್ಲೆ!”

ಕೂಡಲೇ ಅಡುಗೆಮನೆಯ ಕಿಟಕಿ ಸರಿಯಿತು. ಮಾದೇವಿಯ ತಲೆ, ಅದರ ಆಚೆಗೊಂದು ಈಚೆಗೊಂದು ನೀಲಿ ಕಣ್ಣಿನ ಮೋರೆ.

“ಇಲ್ಕೇಳಿ, ಚೂರು ಮೆಲ್ಲಗೆ ಮಾತಾಡಿ! ಎಂಗಕ್ಕೆ ಇಲ್ಲಿ ಒಬ್ರು ಹೇಳಿದ್ದು ಒಬ್ರಿಗೆ ಕೇಳ್ತಿಲ್ಲೆ!”